ಹಿಂದಿನಿಂದ ಕರೆದಾಗ

ನಮ್ಮೂರಿನ ಬೀದಿಯಲ್ಲಿ ಯಾರಾದರೂ ಹಿಂದಿನಿಂದ ನಿಮ್ಮ ಹೆಸರು ಹಿಡಿದು ಕೂಗಿದರೆ ಸಿಟ್ಟು ಮಾಡಿಕೊಳ್ಳಬೇಡಿ. ನೀವು ನೀವೇ ಇದ್ದೀರೋ ಇಲ್ಲವೋ ಎಂದು ನೋಡುತ್ತಿರುತ್ತಾರೆ, ಅಷ್ಟೆ. ತಿರುಗಿ ನೋಡಿ 'ಏನ್ರೀ' ಅನ್ನಿ. ಅವರು 'ಏನಿಲ್ಲ ಬಿಡ್ರಿ' ಅನ್ನುತ್ತಾರೆ. ಆಮೇಲೆ ಇಬ್ಬರೂ ನಿಮ್ಮ ನಿಮ್ಮ ದಾರಿ ಹಿಡಿಯಬಹುದು.

ಸಂಗೀತ ನಾಟಕದಲ್ಲಿ ಹಾಡಿ ಕುಣಿದವರಿಗೆ ಅವರು ಮಾಡಿದ ಪಾತ್ರ ಅಂಟಿಕೊಳ್ಳುವುದು ನಮ್ಮಲ್ಲಿ ನೆಗಡಿ ಬಂದಷ್ಟೇ ಸಾಮಾನ್ಯ. ಬಣ್ಣ ಅಳಿಸಿದರೂ, ಮೀಸೆ ಕಿತ್ತಿಟ್ಟರೂ, ತಲೆಗೆ ಎರಡು ಕೊಡ ಬಿಸಿನೀರು ಸುರಿದುಕೊಂಡರೂ ಅದು ಹೋಗುವುದಿಲ್ಲ. ತನಗೆ ಸಾಕೆನಿಸಿದಾಗ ತಾನೇ ಇಳಿಯುತ್ತದೆ. ನಾವು ಇದಕ್ಕೆಲ್ಲ ಹೊಂದಿಕೊಂಡಿದ್ದೇವೆ. ಬಾಲಕನ ಪಾತ್ರ ಹೊತ್ತ ಗಡ್ಡದ ಗಂಡಸಿಗೆ ಬಸ್ಸಿನಲ್ಲಿ ಅರ್ಧ ಟಿಕೀಟು. ಖಾನಾವಳಿಯ ಬಾಗಿಲಲ್ಲಿ 'ಮಹಾರಾಜರು ಸಾಲಿನಲ್ಲೇ ಬರಬೇಕು' ಎಂದು ಬೋರ್ಡು ಹಾಕಿದ್ದಾರೆ. ನಾಟಕವಾದ ವಾರದಲ್ಲಿ ಯಾರೂ ವರ ನೋಡಲು ಹೋಗುವುದಿಲ್ಲ. ಪಾತ್ರ ಇಳಿಯುವ ಮೊದಲು ಕೊಟ್ಟ ಮಾತು ನಡೆಯುವುದಿಲ್ಲ ಎಂಬುದು ಊರಿನ ಕಾಯಿದೆ. ಈ ಕಾಯಿದೆ ಬಂದದ್ದು ದಾನಶೂರನ ಪಾತ್ರ ಮಾಡಿದ ಒಬ್ಬ ಹುಡುಗನಿಂದ. ಆ ಹುಡುಗ ತಾನು ಬಾಡಿಗೆಗಿದ್ದ ಮನೆಯನ್ನೇ ಹಾಲು ಹಾಕುವವಳಿಗೆ ದಾನ ಮಾಡಿಬಿಟ್ಟಿದ್ದ. ಆಕೆ ಪಾಪ, ಎಮ್ಮೆ ಸಮೇತ ಬಂದು ಪಡಸಾಲೆಯಲ್ಲಿ ಕೂತಿದ್ದಳು. ಅವಳನ್ನು ಎಬ್ಬಿಸಬೇಕಾದರೆ ಹಿರಿಯರಿಗೆ ಸಾಕುಸಾಕಾಯಿತು. ಎಮ್ಮೆಯಂತೂ ಏಳಲೇ ಇಲ್ಲವಂತೆ.

ಪಾತ್ರ ಇದೆಯೋ ಇಳಿದಿದೆಯೋ ತಿಳಿಯಲು ಇರುವುದು ಒಂದೇ ಪರೀಕ್ಷೆ. ಹಿಂದಿನಿಂದ ಹೆಸರು ಹಿಡಿದು ಕರೆಯಬೇಕು. ತಿರುಗಿದರೆ ಇಳಿದಿದೆ, ತಿರುಗದಿದ್ದರೆ ಇನ್ನೂ ಇದೆ. ಮಕ್ಕಳನ್ನು ಸಂಗೀತ ನಾಟಕ ಕಲಿಯಲು ಯಾವ ವಿಶ್ವವಿದ್ಯಾಲಯಕ್ಕೆ ಹಾಕಬೇಕೆಂದು ನಮ್ಮವರು ತೂಗಿ ನೋಡುವುದೂ ಹೀಗೇ. ಅಲ್ಲಿ ಓದುವ ಹುಡುಗರ ನಾಟಕಕ್ಕೆ ಹೋಗುತ್ತಾರೆ. ನಾಟಕದಲ್ಲಿ ಅರ್ಧ ಗಮನ, ಶೇಂಗಾದಲ್ಲಿ ಅರ್ಧ ಗಮನ. ಮಾರನೆಯ ದಿನ ಬೆಳಿಗ್ಗೆ ಮಾತ್ರ ಮೈಯೆಲ್ಲ ಕಣ್ಣಾಗಿ ಅದೇ ಹುಡುಗರ ಹಿಂದೆ ಹಿಂದೆ ನಡೆದು ಹೆಸರು ಕೂಗುತ್ತಾರೆ. ತಿರುಗದ ಹುಡುಗರು ಹೆಚ್ಚಿದ್ದಷ್ಟೂ ಆ ವಿಶ್ವವಿದ್ಯಾಲಯ ದೊಡ್ಡದು.

ನನ್ನ ಅಕ್ಕ ನೀಲಾಂಬಿಕೆಯ ಮಗಳು ದಾಕ್ಷಾಯಣಿಗೆ ಇದನ್ನೇ ಕಲಿಯಬೇಕು ಅಂತ ಹಟ. ಭಾವ ತೀರಿಕೊಂಡಾಗ ಹುಡುಗಿ ಇನ್ನೂ ತೊಟ್ಟಿಲಲ್ಲಿತ್ತು. ಅಂದಿನಿಂದ ಅಕ್ಕ, ಹುಡುಗಿ, ನಾನು ಮೂವರೂ ಒಂದೇ ಮನೆಯಲ್ಲಿದ್ದೇವೆ. ನನಗೆ ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಬೇಡಿ, ಆಗಲಿಲ್ಲ. ತಕ್ಕಡಿ ರಿಪೇರಿಯ ಅಂಗಡಿ ಇದೆ, ಹೊಟ್ಟೆಗೆ ಬಟ್ಟೆಗೆ ಕೊರತೆ ಇಲ್ಲ. ದಾಕ್ಷಾ ಅಡುಗೆಮನೆಯಲ್ಲಿ ಹಾಡುತ್ತ ರೊಟ್ಟಿ ಬಡಿಯುವುದು ಅಂಗಡಿಯ ತನಕ ಕೇಳಿಸುತ್ತದೆ. ಕಲಿಯಲು ಹೋದವರು ವಿಶ್ವವಿದ್ಯಾಲಯದಲ್ಲೇ ಉಳಿಯಬೇಕು. ಆ ಸದ್ದು ನಿಂತುಹೋದರೆ ಮನೆಯಲ್ಲಿ ಉಳಿಯುವುದು ಅಕ್ಕನ ಗೊಣಗಾಟ, ನನ್ನ ಕೆಮ್ಮು.

ನಮ್ಮಲ್ಲಿ ಇಂಥ ವಿಷಯಕ್ಕೆ ಸೋದರಮಾವನ ಮಾತೇ ಕೊನೆಯದು. ಅವನು ಹೋಗಿ ನಾಟಕ ನೋಡಿ ಬಂದು, ಹೊಸ್ತಿಲ ಮೇಲೆ ನಿಂತು 'ಹೋಗು' ಎಂದೋ 'ಬೇಡ' ಎಂದೋ ಹೇಳಬೇಕು. ಒಮ್ಮೆ ಹೇಳಿದ ಮೇಲೆ ಅವನೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

"ಗುರುಲಿಂಗಾ, ನೀ ಹೋಗಿ ನೋಡಿ ಬಾ," ಅಂದಳು ಅಕ್ಕ. "ನೀ ಹೂಂ ಅಂದ್ರ ಹೂಂ, ಉಹುಂ ಅಂದ್ರ ಉಹುಂ. ನಾ ನಡುವ ಬಾಯಿ ಹಾಕಂಗಿಲ್ಲ."

"ಯಕ್ಕಾ, ನೀ ಬಾಯಿ ಹಾಕದ ದಿನಾ ಈ ಮನ್ಯಾಗ ಯಾವಾಗರೆ ಬಂದೈತೇನು?"

ದಾಕ್ಷಾ ನಗಲಿಲ್ಲ. "ಮಾಮಾ, ನೋಡೂಕಿಂತ ಮೊದಲ ಬ್ಯಾಡ ಅಂತ ಮನಸಿನ್ಯಾಗ ಇಟ್ಕೊಂಡು ಹೋಗಬ್ಯಾಡ. ಪೂರಾ ಕುಂತು ನೋಡು. ಅಷ್ಟ ಸಾಕು ನನಗ," ಅಂದಳು.

ಹುಡುಗಿಗೆ ನನ್ನ ಹೊಟ್ಟೆಯೊಳಗಿನದು ಗೊತ್ತಿತ್ತು. ಬೇಡ ಅನ್ನುವುದು ನನ್ನಲ್ಲಿ ಎಂದೋ ಸಿದ್ಧವಾಗಿತ್ತು. ಅದಕ್ಕೆ ಕಾರಣ ನಮ್ಮಪ್ಪ.

ಅಪ್ಪನ ಹೆಸರು ಸಂಗನಬಸಪ್ಪ. ಗುಡ್ಡದ ಮೇಲಿನ ಹಳೆಯ ವಿಶ್ವವಿದ್ಯಾಲಯದಲ್ಲಿ ಗುಮಾಸ್ತ. ಇಬ್ಬರು ಮಕ್ಕಳಾದ ಮೇಲೆ ಹಾಡಿನ ಹುಚ್ಚು ಹತ್ತಿ, ಅಲ್ಲೇ ಸಂಗೀತ ನಾಟಕ ವಿಭಾಗದಲ್ಲಿ ಹುಡುಗರ ನಡುವೆ ಕೂತು ಕಲಿತ. ವರ್ಷದ ಕೊನೆಯ ನಾಟಕದಲ್ಲಿ ರಾಜ್ಯ ಬಿಟ್ಟು ಸನ್ಯಾಸಿಯಾಗುವ ಅರಸನ ಪಾತ್ರ ಕೊಟ್ಟರು. ಏನು ಹಾಡಿದ ಅಂತೀರಿ! ಊರೇ ಅತ್ತಿತಂತೆ. ಮರುದಿನ ಬೆಳಿಗ್ಗೆ ಅಪ್ಪ ಚಪ್ಪಲಿ ಬಿಟ್ಟು, ಅಂಗಿ ಬಿಟ್ಟು, ನಮ್ಮನ್ನೂ ಬಿಟ್ಟು ನಡೆದ. ಅವ್ವ ನಮ್ಮಿಬ್ಬರನ್ನು ಎಳೆದುಕೊಂಡು ಮೂರು ದಾರಿ ಕೂಡುವ ಜಾಗದ ತನಕ 'ಏನ್ರೀ, ಏನ್ರೀ' ಎನ್ನುತ್ತ ಓಡಿದಳು. ನೆರೆದವರು, 'ಹಂಗ ಕರದ್ರ ಪರೀಕ್ಷಾ ಅಲ್ಲ ತಾಯಿ, ಹೆಸರು ಹಿಡಿದು ಕರೀಬೇಕು' ಅಂದರು. ಅವ್ವ ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಲ್ಲಿ ತಂದವಳಲ್ಲ. ಕೇಳಿದವರಿಗೆ ಒಗಟಿನಲ್ಲಿ ಹೇಳುತ್ತಿದ್ದಳು. ಅವತ್ತು ಊರೆಲ್ಲ ನೋಡುತ್ತಿರುವಾಗ ಸೆರಗು ಬಿದ್ದದ್ದೂ ಲೆಕ್ಕಿಸದೆ, 'ಸಂಗನಬಸಪ್ಪಾ!' ಎಂದು ಕೂಗಿದಳು. ಅಪ್ಪ ತಿರುಗಲಿಲ್ಲ. ಸಣ್ಣವನಿದ್ದೆ, ಆದರೆ ಆ ಬೆನ್ನು ನನಗೆ ಇವತ್ತಿಗೂ ನೆನಪಿದೆ. ನೆರೆದವರು ಮಾತ್ರ, 'ಅಬ್ಬಾ, ಏನು ತರಬೇತಿ!' ಎಂದು ತಲೆದೂಗಿದರು. ಅವ್ವ ಆಮೇಲೆ ಅಪ್ಪನನ್ನು ಬಯ್ಯಲಿಲ್ಲ. 'ಅವರದೇನ ತಪ್ಪು, ಪಾತ್ರ ಇಳಿದ ಮ್ಯಾಲ ಬರ್ತಾರ' ಎನ್ನುತ್ತ ಸಾಯುವ ತನಕ ಅಪ್ಪ ಬಿಟ್ಟುಹೋದ ಅಂಗಿ ಒಗೆದು ಮಡಚಿಡುತ್ತಿದ್ದಳು.

ಹಾಗಾಗಿ ನನ್ನ ಲೆಕ್ಕ ಸರಳವಾಗಿತ್ತು. ಗುಡ್ಡದವರ ನಾಟಕ ನೋಡುವುದು. ಅಲ್ಲಿ ಪಾತ್ರ ಗಟ್ಟಿಯಾಗಿ ಅಂಟುತ್ತದೆ, ಅಪಾಯ, ಆದ್ದರಿಂದ ಬೇಡ. ಇನ್ನೊಂದು, ಊರ ತಗ್ಗಿನಲ್ಲಿ, ಮುಚ್ಚಿಹೋದ ಹತ್ತಿ ಮಿಲ್ಲಿನಲ್ಲಿ ಈಚೆಗೆ ಶುರುವಾದ ವಿಶ್ವವಿದ್ಯಾಲಯ. ಅಲ್ಲಿಯವರಿಗೆ ಪಾತ್ರ ಅಂಟುವುದೇ ಇಲ್ಲವೆಂದು ಹೆಸರು. ಅಂದಮೇಲೆ ದಂಡ, ಆದ್ದರಿಂದ ಅದೂ ಬೇಡ. ಎರಡೂ ತಟ್ಟೆ ಒಂದೇ ಕಡೆ ವಾಲುವ ತಕ್ಕಡಿಯನ್ನು ನಾನು ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದೆ. ಗಿರಾಕಿ ಯಾರಾದರೂ ಇಂಥದ್ದನ್ನು ತಂದಿದ್ದರೆ ಬೈದು ಕಳಿಸುತ್ತಿದ್ದೆ.

ಗುಡ್ಡದವರ ನಾಟಕ ಒಬ್ಬ ರಾಜ, ಇಬ್ಬರು ರಾಣಿಯರದು. ಝಗಝಗ ದೀಪ, ಬಾಗಿಲಲ್ಲೇ ಪನ್ನೀರು. ಹಾಡಿದ್ದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಇನಾಮದಾರರು, ಕರೀ ಕೋಟು, ಕೈತುಂಬ ಉಂಗುರ. ನನ್ನ ಹೆಸರು ಕೇಳುತ್ತಲೇ ಎರಡೂ ಕೈ ಹಿಡಿದುಕೊಂಡರು.

"ಸಂಗನಬಸಪ್ಪನವರ ಮಗಾ ಏನು ನೀವು? ಬರ್ರಿ, ಬರ್ರಿ!" ಎಂದು ಎಳೆದುಕೊಂಡು ಹೋಗಿ ಗೋಡೆಗೆ ಹಾಕಿದ ಅಪ್ಪನ ಫೋಟೋ ತೋರಿಸಿದರು. ಹಾರ ಹಾಕಿದ್ದರು. "ನಮ್ಮ ವಿಭಾಗದ ಹೆಮ್ಮಿ ನೋಡ್ರಿ ಇವರು. ಇಷ್ಟ ವರ್ಷಾತು, ಇನ್ನೂ ಇಳಿದಿಲ್ಲ!"

"ಇನ್ನೂ ಮನಿಗೆ ಬಂದಿಲ್ಲ ಅನ್ರಿ," ಅಂದೆ.

"ಹಾಂ, ಅದ! ಅದ ನಮ್ಮ ದಾಖಲೆ. ನಿಮ್ಮ ಹುಡುಗೀನ್ನ ಕಣ್ಣು ಮುಚ್ಚಿ ಕಳಸ್ರಿ. ಆ ರಕ್ತಾ ಅಕಿ ಮೈಯಾಗೂ ಐತಿ."

ಮೈ ಉರಿದುಹೋಯಿತು. ಆದರೆ ಹಾರ ಹಾಕಿದ ಅಪ್ಪನ ಮುಂದೆ ಜಗಳವಾಡಲು ಮನಸ್ಸಾಗದೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಖಾನಾವಳಿಯ ಮುಂದೆ ತಂದೆತಾಯಿಗಳ ಗುಂಪು. ರಾಜನ ಪಾತ್ರದ ಹುಡುಗ ಸಾಲಿನಲ್ಲಿ ನಿಂತಿದ್ದ, ನಿಂತ ಠೀವಿಗೆ ಮಾತ್ರ ಸಾಲೇ ಅವನ ಹಿಂದೆ ಬಂದಂತಿತ್ತು. ಮಹಾಂತೇಶ ಎಂದು ಒಬ್ಬರಾದ ಮೇಲೆ ಒಬ್ಬರು ಕೂಗಿದರು. ತಿರುಗಲಿಲ್ಲ. ಕೊನೆಗೆ ಅವನ ತಾಯಿಯೇ ಬಂದು, ಬುತ್ತಿ ಹಿಡಿದು, 'ಮಾಂತ್ಯಾ, ಮಾಂತ್ಯಾ' ಅಂದಳು. ಅವನು ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತ, 'ಯಾರಲ್ಲಿ, ಈ ಹೆಂಗಸಿಗೆ ಏನಾದರೂ ಕೊಟ್ಟು ಕಳಿಸಿ' ಅಂದ. ಆ ತಾಯಿ ಹಿಗ್ಗಿ ಹೀರೇಕಾಯಿಯಾದಳು. "ನೋಡ್ರಿ, ನೋಡ್ರಿ, ನನ್ನ ಗುರುತ ಹಿಡೀಲಿಲ್ಲ! ಎಷ್ಟ ಚಲೋ ಕಲಿಸ್ಯಾರ!" ಎಂದು ಕಣ್ಣೊರೆಸಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮಾತ್ರ ಮೇಲೇಳಲಿಲ್ಲ. ಅವ್ವನ ನೆನಪಾಗಿತ್ತು.

ತಗ್ಗಿನವರ ನಾಟಕ ಅದಾದ ವಾರಕ್ಕೆ, ಮಧ್ಯಾಹ್ನದ ಹೊತ್ತು. ಮಿಲ್ಲಿನ ತಗಡಿನ ಕೆಳಗೆ ಬೆಂಚು ಹಾಕಿದ್ದರು. ಗಾಳಿಯಲ್ಲಿ ಇನ್ನೂ ಹತ್ತಿಯ ಎಳೆ ಹಾರಾಡುತ್ತಿದ್ದವು, ಮೂಗಿಗೆ ಕಚಗುಳಿ. ಹಾರ್ಮೋನಿಯಂನ ಒಂದು ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ, ಬಾರಿಸುವವಳು ಬೆರಳಿನಿಂದ ಎಬ್ಬಿಸಿ ಎಬ್ಬಿಸಿ ಬಾರಿಸುತ್ತಿದ್ದಳು. ನೋಡಲು ಬಂದವರು ಬೆರಳೆಣಿಕೆಯಷ್ಟು. ಅದರಲ್ಲೊಬ್ಬ ನಮ್ಮ ಓಣಿಯ ಕಾಯಿಪಲ್ಲೆ ಮಾರುವ ಫಕೀರಪ್ಪ, ನೆರಳಿದೆ ಎಂದು ಬಂದವನು.

ಕಥೆ ಏನೂ ದೊಡ್ಡದಲ್ಲ. ಒಬ್ಬ ಅಂಬಿಗ, ಅವನಿಗೊಬ್ಬಳು ಮಗಳು. ಆಚೆ ದಡದಲ್ಲಿ ಕಲಿಯುವುದಕ್ಕೆ ಹೋಗಬೇಕು ಅವಳು. ಊರಿನವರನ್ನೆಲ್ಲ ದಾಟಿಸುವ ಅಂಬಿಗ ಮಗಳನ್ನು ಮಾತ್ರ ದಾಟಿಸುತ್ತಿಲ್ಲ. ಇವತ್ತು ಗಾಳಿ ಎನ್ನುತ್ತಾನೆ, ನಾಳೆ ಹಗ್ಗ ಜೀರ್ಣವಾಗಿದೆ ಎನ್ನುತ್ತಾನೆ. 'ಹೊಳಿ ತುಂಬೈತಿ ಮಗಳ, ನಾಳೆ ಹೋಗೂಣು' ಎಂದು ಒಂದೇ ಸಾಲನ್ನು ಬೇರೆ ಬೇರೆ ರಾಗದಲ್ಲಿ ಹಾಡುತ್ತಾನೆ. ಮಗಳು ಏನೂ ಅನ್ನುವುದಿಲ್ಲ, ಗಂಟು ಕಟ್ಟಿಕೊಂಡು ದಿನವೂ ಬಂದು ದಂಡೆಯ ಮೇಲೆ ಕೂರುತ್ತಾಳೆ. ಕೊನೆಗೆ ಒಂದು ದಿನ ಅಂಬಿಗ ಅದೇ ಸಾಲು ಹಾಡಲು ಬಾಯಿ ತೆರೆಯುತ್ತಾನೆ, ಹಾಡು ಬರುವುದಿಲ್ಲ. ಸುಮ್ಮನೆ ಬಗ್ಗಿ ಹಗ್ಗ ಬಿಚ್ಚುತ್ತಾನೆ. ಅಷ್ಟೇ ನಾಟಕ. ಅಂಬಿಗನ ಪಾತ್ರ ಮಾಡಿದವನು ವೀರಭದ್ರ ಎಂಬ ಕನ್ನಡಕದ ಸಣಕಲು ಹುಡುಗ, ಅಲ್ಲಲ್ಲಿ ಶ್ರುತಿ ತಪ್ಪಿದ. ನಾನು ಪೂರಾ ಕೂತು ನೋಡಿದೆ. ದಾಕ್ಷಾ ಅಷ್ಟು ಕೇಳಿಕೊಂಡಿದ್ದಳಲ್ಲ.

ಮುಗಿದ ಕೂಡಲೇ ಹುಡುಗರೆಲ್ಲ ಹೊರಗೆ ಬಂದು ಚಹಾ ಕುಡಿಯುತ್ತ ನಿಂತರು. ಮರುದಿನದ ತನಕ ಕಾಯುವುದೇಕೆ ಎಂದು ನಾನು ಆ ಸಣಕಲನ ಬೆನ್ನ ಹಿಂದೆ ಹೋಗಿ, "ಏ ವೀರಭದ್ರಾ!" ಅಂದೆ.

"ಏನ್ರೀ ಕಾಕಾ?" ತಟ್ಟನೆ ತಿರುಗಿದ. ಇನ್ನೂ ಕುತ್ತಿಗೆಯ ಬಣ್ಣ ಸಹ ಒರೆಸಿರಲಿಲ್ಲ.

ನನಗೆ ಒಳಗೊಳಗೇ ಖುಷಿ. ಅಲ್ಲಿ ಕಲಿಸುವ ಬಡಿಗೇರ ಮೇಡಂ, ಹತ್ತಿಯ ಎಳೆ ತಲೆತುಂಬ ಹೊತ್ತ ಹೆಂಗಸು, ನನ್ನನ್ನೇ ನೋಡುತ್ತಿದ್ದರು. "ತಿರುಗತಾರ್ರಿ ನಮ್ಮ ಹುಡುಗರು," ಅಂದರು. "ಮೊದಲನೇ ಕೂಗಿಗೇ ತಿರುಗತಾರ. ಅದಕ್ಕ ನಮ್ಮ ಕಡೆ ಯಾರೂ ಬರಂಗಿಲ್ಲ. ಏನ ಮಾಡೂದು?" ಆಮೇಲೆ ನನ್ನ ಮುಖವನ್ನು ತುಸು ಹೊತ್ತು ನೋಡಿ, "ನೀವು ನೆಟ್ಟಗ ಮನಿಗೆ ಹೋಗ್ರಿ. ಹೊಳಿ ಕಡೆ ಹೋಗಬ್ಯಾಡ್ರಿ," ಅಂದರು. ನಮ್ಮೂರಿಗೆ ಹೊಳೆಯೇ ಇಲ್ಲ. ಈ ಹೆಂಗಸಿಗೆ ಏನೋ ಆಗಿದೆ ಅಂದುಕೊಂಡೆ.

ದಾರಿಯಲ್ಲಿ ಬೇಡ, ಬೇಡ ಎಂದು ಹೆಜ್ಜೆಗೊಮ್ಮೆ ಅಂದುಕೊಳ್ಳುತ್ತ ನಡೆದೆ. ಅಂಗಡಿ ಸಾಲು ದಾಟುವಾಗ ನೋಡುತ್ತೇನೆ, ನನ್ನ ಧೋತರ ಮೊಣಕಾಲಿನ ಮೇಲೆ ಕಟ್ಟಿದೆ. ಯಾವಾಗ ಕಟ್ಟಿದೆನೋ ನೆನಪಿಲ್ಲ. ಫಕೀರಪ್ಪ ಎದುರಾದವರಿಗೆಲ್ಲ 'ನೀರು ಏರೈತ್ರಿ, ಹುಷಾರು' ಎಂದು ಹೇಳುತ್ತ ಹೊರಟಿದ್ದ. ಜನ ನಕ್ಕು ಮುಂದೆ ಹೋಗುತ್ತಿದ್ದರು. ಹೌದು, ಏರಿದೆ ಎಂದು ನನಗೂ ಅನ್ನಿಸಿತು. ನಾಟಕ ಮಾಡಿದವರನ್ನು ಊರೆಲ್ಲ ಹಿಂದಿನಿಂದ ಕರೆದು ನೋಡುತ್ತದೆ. ನೋಡಿದವರನ್ನು ಕರೆದು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ದಾಕ್ಷಾ ಪಡಸಾಲೆಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಮುಖದಲ್ಲಿ ಆಸೆಯೂ ಇತ್ತು, ಅತ್ತು ಮುಗಿಸಿ ಸಿದ್ಧವಾದ ಗುರುತೂ ಇತ್ತು. ಅಕ್ಕ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದವಳು ನನ್ನ ಧೋತರ ನೋಡಿ ಕೈ ನಿಲ್ಲಿಸಿದಳು. ನಾನು ಅವಳನ್ನು ದಾಟಿ ಹೊಸ್ತಿಲ ಮೇಲೆ ನಿಂತು 'ಬೇಡ' ಎನ್ನಲು ಬಾಯಿ ತೆರೆದೆ. ಮಾತು ಬರಲಿಲ್ಲ. ಬಗ್ಗಿದೆ, ಹೊಸ್ತಿಲ ಬಳಿ ಏನನ್ನೋ ಬಿಚ್ಚಿದಂತೆ ಕೈ ಆಡಿಸಿದೆ, ಎದ್ದು ನಿಂತೆ.

"ಹಗ್ಗಾ ಬಿಚ್ಚೀನವಾ," ಅಂದೆ. "ಹೋಗು. ತಗ್ಗಿನವರ ಕಡೆ ಹೋಗು."

ದಾಕ್ಷಾಳ ಕೈಯಿಂದ ತಂಬಿಗೆ ಬಿತ್ತು. ಅದು ಉರುಳುತ್ತಿರುವಾಗಲೇ ಅಕ್ಕ ಹಿಂದಿನಿಂದ ಕರೆದಳು.

"ಗುರುಲಿಂಗಾ!"

ಕರೆದದ್ದು ಯಾಕೆಂದು ನಮ್ಮೂರಿನವರಿಗೆ ಹೇಳಬೇಕಿಲ್ಲ. ನಾನು ತಿರುಗದಿದ್ದರೆ ಆ ಮಾತು ನನ್ನದಲ್ಲ, ಅಂಬಿಗನದು. ಮಾತು ಬಿದ್ದುಹೋಗುತ್ತದೆ, ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ, ರೊಟ್ಟಿ ಬಡಿಯುವ ಸದ್ದೂ ಉಳಿಯುತ್ತದೆ. ಯಾರೂ ನನ್ನನ್ನು ಬಯ್ಯುವಂತಿಲ್ಲ. ಪಾತ್ರ ಅಂಟಿತ್ತು, ಪಾಪ, ಅನ್ನುತ್ತಾರೆ.

ಈಗ ನಿಜ ಹೇಳುತ್ತೇನೆ. ಆ ಕೂಗು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕನ ಧ್ವನಿ ಎಂದೂ ತಿಳಿಯಿತು. ಹೆಸರು ಮಾತ್ರ ನನ್ನದು ಅನ್ನಿಸಲಿಲ್ಲ, ತಕ್ಕಡಿ ರಿಪೇರಿ ಮಾಡುವ ಯಾವನೋ ಪರಿಚಯದವನದು ಅನ್ನಿಸಿತು. ನಾನು ಅಂಬಿಗನೇ ಆಗಿದ್ದೆ, ಕಾಲ ಕೆಳಗೆ ನೆಲ ತೂಗುತ್ತಿತ್ತು. ಸುಮ್ಮನೆ ನಿಂತರೆ ಸಾಕಿತ್ತು. ಎದುರಿಗೆ ದಾಕ್ಷಾ ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. 

ತಿರುಗಿದೆ. "ಏನ ಯಕ್ಕಾ?" ಅಂದೆ.

ಅಕ್ಕ ಬಟ್ಟೆಯ ರಾಶಿಯನ್ನು ಎದೆಗೆ ಒತ್ತಿಕೊಂಡು, "ಏನಿಲ್ಲ ಬಿಡು," ಅಂದಳು. ಆಮೇಲೆ ಮಗಳ ಕಡೆ ನೋಡಿ, "ಮಾತು ಗಟ್ಟಿ ಆತು. ಮಾಮಾನ ಕಾಲು ಮುಟ್ಟು," ಅಂದಳು. ಆ ಹುಡುಗಿ ಕಾಲು ಮುಟ್ಟುವ ಬದಲು ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತಳು.

ಊಟಕ್ಕೆ ಕೂತಾಗ ನನ್ನ ಬಲಗೈ ರೊಟ್ಟಿ ಮುರಿಯುವುದು ಬಿಟ್ಟು ಹುಟ್ಟು ಹಾಕುತ್ತಿತ್ತು. ಎಡಗೈಯಿಂದ ಹಿಡಿದು ನಿಲ್ಲಿಸಿದೆ, ಅಕ್ಕನ ಕಣ್ಣಿಗೆ ಬೀಳದಂತೆ. ಅಂದರೆ ಪಾತ್ರ ಇನ್ನೂ ಇಳಿದಿರಲಿಲ್ಲ. ಇಳಿಯದೆಯೇ ನಾನು ತಿರುಗಿದ್ದೆ. ಆಗ ತಿಳಿಯಿತು. ಪಾತ್ರದೊಳಗಿದ್ದರೂ ಹೆಸರು ಕೇಳಿಸುತ್ತದೆ. ತಿರುಗುವುದು, ಬಿಡುವುದು ಕರೆಸಿಕೊಂಡವನ ಕೈಯಲ್ಲೇ ಇರುತ್ತದೆ. ಹಾಗಾದರೆ ಮೂರು ದಾರಿ ಕೂಡುವಲ್ಲಿ ಅವ್ವ ಸೆರಗು ಬಿದ್ದದ್ದೂ ಲೆಕ್ಕಿಸದೆ ಕೂಗಿದಾಗ ನಮ್ಮಪ್ಪನಿಗೆ ಕೇಳಿಸಿತ್ತು.

ಇದನ್ನು ನಾನು ಯಾರಿಗೂ ಹೇಳಿಲ್ಲ. ಅಕ್ಕನಿಗಂತೂ ಹೇಳುವುದಿಲ್ಲ, ಈಗ ಅಪ್ಪನ ಆ ಅಂಗಿ ಒಗೆದು ಮಡಚುವವಳು ಅವಳು. ಊರಿಗೆ ಹೇಳಿದರೆ ಗುಡ್ಡದ ಮೇಲಿನವರ ಹೆಸರೇನಾಗಬೇಕು, ಗೋಡೆಯ ಮೇಲಿನ ಹಾರವೇನಾಗಬೇಕು, ಮಾಂತ್ಯಾನ ತಾಯಿ ಏನಾಗಬೇಕು! ಜನ ಇವತ್ತಿಗೂ ಬೆಳಿಗ್ಗೆದ್ದು ಖಾನಾವಳಿಯ ಮುಂದೆ ಹೆಸರು ಕೂಗಿ, ತಿರುಗದವರಿಗೆ ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ ಬಿಡಿ.

ದಾಕ್ಷಾ ತಗ್ಗಿನವರ ವಿಶ್ವವಿದ್ಯಾಲಯ ಸೇರಿದಳು, ಅಲ್ಲೇ ಉಳಿಯುತ್ತಾಳೆ. ಅವಳ ಮೊದಲ ನಾಟಕಕ್ಕೆ ಮೊನ್ನೆ ಅಕ್ಕ, ನಾನು ಇಬ್ಬರೂ ಹೋಗಿದ್ದೆವು. ಕಿವುಡ ಮುದುಕಿಯ ಪಾತ್ರ, ಹಾಡಿದ್ದೆಲ್ಲ ತಾಳಕ್ಕಿಂತ ಅರ್ಧ ಹೆಜ್ಜೆ ಹಿಂದೆ, ಬೇಕೆಂದೇ. ನಕ್ಕು ನಕ್ಕು ಸಾಕಾಯಿತು. ಮುಗಿದ ಮೇಲೆ ನೋಡಿದವರೆಲ್ಲ ಕಿವಿಗೆ ಕೈ ಹಚ್ಚಿಕೊಂಡು ಒಬ್ಬರಿಗೊಬ್ಬರು ಕಿರುಚುತ್ತ ಹೊರಗೆ ಬಂದರು. ದಾಕ್ಷಾ ಗೆಳತಿಯರ ನಡುವೆ, ಬೆನ್ನು ಈ ಕಡೆ ಮಾಡಿ ಚಹಾ ಕುಡಿಯುತ್ತಿದ್ದಳು. ಆ ಬೆನ್ನು ನೋಡಿ ನನಗೆ ಅಪ್ಪನ ಬೆನ್ನು ನೆನಪಾಯಿತು. ತಗ್ಗಿನವರು ತಿರುಗುತ್ತಾರೆ ಎಂದು ಗೊತ್ತಿದ್ದರೂ ಕರೆಯದೆ ಇರಲಾಗಲಿಲ್ಲ.

"ದಾಕ್ಷಾಯಣೀ!" ಎಂದೆ.

ತಿರುಗಿದಳು. ಮುಖದ ಸುಕ್ಕು ಇನ್ನೂ ಒರೆಸಿರಲಿಲ್ಲ, ಅದರೊಳಗಿಂದ ನಕ್ಕಳು. "ಇಲ್ಲೇ ಅದೀನಿ ಮಾಮಾ," ಅಂದಳು.

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಿವಿಗೆ ಕೈ ಹಚ್ಚಿ, "ಆಂ?" ಅಂದೆ, ಇನ್ನೊಮ್ಮೆ ಹೇಳಲಿ ಎಂದು.